ಗಿರಣಿ ಕಲ್ಲಿನ ಸೀಸ

"ನಾನಿರೋ ತನಕ ತಮ್ಮನ ಗಿರಣಿಗೆ ಬೀಗ ಬೀಳಲ್ಲ ಅಪ್ಪಾ, ನೀನು ನಿಶ್ಚಿಂತೆಯಾಗಿರು" ಎಂದು ಅಕ್ಕ ಮಾತು ಕೊಟ್ಟಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದ. ತಮ್ಮ ಶಾಲೆ ಬಿಟ್ಟು ಗಿರಣಿಗೆ ಬೆಲ್ಟ್ ಏರಿಸುವುದನ್ನು ಕಲಿಯುತ್ತಿದ್ದ. ಆಮೇಲೆ ಅಕ್ಕ ಓದಿ ಆಹಾರ ಪರೀಕ್ಷೆಯ ಲ್ಯಾಬಿಗೆ ಸೇರಿದಳು. ತಮ್ಮ ಹುಬ್ಬಿನ ಮೇಲೂ ಹಿಟ್ಟು ಹೊತ್ತು ಓಡಾಡುವ ಗಂಡಸಾದ. ಬೀದಿಯವರು ಅವನಿಗೆ ಹಿಟ್ಟಪ್ಪ ಎಂದೇ ಹೆಸರಿಟ್ಟುಬಿಟ್ಟರು.

ಈಗ ಅದೇ ಬೀದಿಯ ಒಂದು ಮಗುವಿನ ರಕ್ತದಲ್ಲಿ ಸೀಸ ಸಿಕ್ಕಿತ್ತು. ಹಿಟ್ಟಿನಲ್ಲಿ ಕಲಬೆರಕೆ ಎಂದು ಸುದ್ದಿ ಹಬ್ಬಿತು. ಸುತ್ತಲಿನ ಗಿರಣಿಯವರೆಲ್ಲ ಹಿಟ್ಟು ತಂದು ಲ್ಯಾಬಿಗೆ ಒಪ್ಪಿಸಬೇಕೆಂದು ಆರೋಗ್ಯಾಧಿಕಾರಿಗಳು ಹೇಳಿದರು. ಎಲ್ಲರಿಗಿಂತ ಮೊದಲು ಬಂದವನು ಹಿಟ್ಟಪ್ಪ.

"ಒಂದು ಚಿಟಿಕೆ ಬೇರೆ ಏನೂ ಬೆರೆಸಿದವನಲ್ಲ ನಾನು. ಬೇಗ ಚೀಟಿ ಕೊಡಕ್ಕಾ, ಬಾಗಿಲಿಗೆ ಅಂಟಿಸ್ತೀನಿ. ಆ ಮೂಲೆ ಗಿರಣಿಯವನ ಹೊಟ್ಟೆ ಉರೀಲಿ."

ಅಳೆದ ಹಿಟ್ಟನ್ನು ಕೊಳವೆಗೆ ಹಾಕಿ, ಆಮ್ಲ ಸುರಿದು, ಬಿಗಿಯಾಗಿ ಮುಚ್ಚಿ ಕಾಯಿಸಿದರೆ ಹಿಟ್ಟೆಲ್ಲ ಕರಗಿ ತಿಳಿನೀರಿನಂಥದ್ದು ಉಳಿಯುತ್ತದೆ. ಅದನ್ನು ಹೀರಿಕೊಂಡ ಯಂತ್ರ, ಯಾವ ಲೋಹ ಎಷ್ಟಿದೆ ಎಂದು ಹೇಳುತ್ತದೆ. ಪ್ರತಿ ಸರದಿಯಲ್ಲೂ ಒಂದು ಕೊಳವೆಗೆ ಹಿಟ್ಟು ಹಾಕುವುದಿಲ್ಲ, ಬರೀ ಆಮ್ಲ. ಲ್ಯಾಬಿನವರು ಅದಕ್ಕೆ ಬ್ಲ್ಯಾಂಕ್ ಎನ್ನುತ್ತಾರೆ. ಅದರಲ್ಲೂ ಸೀಸ ಕಂಡರೆ ಕೊಳೆ ಲ್ಯಾಬಿನದೇ ಎಂದರ್ಥ. ಆಗ ಇಡೀ ಸರದಿಯನ್ನು ಚೆಲ್ಲಿ, ಗಿರಣಿಗಳಿಂದ ಹೊಸ ಹಿಟ್ಟು ತರಿಸುವುದು ಅಲ್ಲಿನ ಪದ್ಧತಿ.

ಹಿಟ್ಟಪ್ಪನ ಕೊಳವೆಯ ಹತ್ತಿರ ಬಂದಾಗ ಪರದೆಯ ಮೇಲಿನ ಗೆರೆ ನೆಟ್ಟಗೆ ಮೇಲೆದ್ದಿತು.

"ಅಯ್ಯೋ, ಯಂತ್ರಕ್ಕೇನು ತಲೆ ಕೆಟ್ಟಿತಾ?" ಎಂದಳು ಪಕ್ಕದ ಮೇಜಿನವಳು. "ಇಲ್ಲಾ, ನೀವೇ ಕೈ ತೊಳೀದೆ ಬಂದ್ರಾ?"

ಅಕ್ಕ ನಗಲಿಲ್ಲ. ಹೊಸ ಕೊಳವೆಗಳಲ್ಲಿ ಎರಡನೇ ಸರದಿ ಕಾಯಲಿಟ್ಟು, ಊಟದ ಬಿಡುವಿನಲ್ಲಿ ಗಿರಣಿಗೆ ಹೋದಳು.

ಗಿರಣಿ ಓಡುತ್ತಿತ್ತು. ತಮ್ಮನ ಮಗಳು ನೆಲದ ಮೇಲೆ ಕೂತು, ಚೆಲ್ಲಿದ ಹಿಟ್ಟಿನಲ್ಲಿ ಬೆರಳಿನಿಂದ ಗೆರೆ ಎಳೆದು, ಬೆರಳು ನೆಕ್ಕುತ್ತಿದ್ದಳು. ಅಕ್ಕ ಹೋದವಳೇ ಅವಳನ್ನೆತ್ತಿ, ಸೆರಗಿನಿಂದ ಬಾಯಿ ಒರೆಸಿದಳು. ಮಗು ಕಿರುಚಿತು.

"ಕಲ್ಲಿಗೆ ಏನಾದ್ರೂ ಮಾಡಿಸಿದ್ಯೇನೋ?"

"ಬಿರುಕು ಬಿಟ್ಟಿತ್ತು. ಸೀಸ ಕಾಯಿಸಿ ಹುಯ್ದೆ. ಯಾಕೆ, ಅಪ್ಪಾನೂ ಹಾಗೇ ತಾನೇ ಮಾಡ್ತಿದ್ದಿದ್ದು? ಅದು ಕಲ್ಲಿನ ಹೊಟ್ಟೇಲಿ ಕೂತಿರುತ್ತೆ, ಹಿಟ್ಟಿಗ್ಯಾಕೆ..."

ಅವನು ಗಿರಣಿ ಆರಿಸಿದ. ಕೊನೆಕೊನೆಗೆ ಅಪ್ಪನ ಕೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು, ತುತ್ತೆತ್ತಲೂ ಆಗುತ್ತಿರಲಿಲ್ಲ. ವಯಸ್ಸಾಯಿತು ಎಂದುಕೊಂಡು ಇಬ್ಬರೂ ಸರದಿಯಲ್ಲಿ ಉಣಿಸಿದ್ದರು, ಇದೇ ಹಿಟ್ಟಿನ ಗಂಜಿ.

"ಇವತ್ತೇ ಕಿತ್ತು ಬಿಸಾಕ್ತೀನಿ, ಹೊಸ ಕಲ್ಲು ಕೂರಿಸ್ತೀನಿ" ಎಂದ ತಮ್ಮ, ತಗ್ಗಿದ ದನಿಯಲ್ಲಿ. "ಏನಾದ್ರೂ ಮಾಡಿ ಸ್ವಲ್ಪ ದಿನ ತಳ್ಳಕ್ಕಾ. ಆಮೇಲೆ ಕೊಡೋ ಹಿಟ್ಟು ಚೊಕ್ಕ ಇರುತ್ತೆ. ಯಾರಿಗೂ ತೊಂದ್ರೆ ಇಲ್ಲ. ಹೆಸರು ಕೆಟ್ಟರೆ ಈ ಬೀದೀಲಿ ನನ್ನ ಹತ್ರ ಯಾರು ಬರ್ತಾರೆ ಹೇಳು?"

"ಮನೆ ಮನೆ ಡಬ್ಬದಲ್ಲಿ ಇರೋ ಹಿಟ್ಟು?"

ಅವನು ಮಗಳನ್ನು ಅವಳ ತೋಳಿನಿಂದ ತೆಗೆದುಕೊಂಡು, ಪುಟ್ಟ ಅಂಗೈಗಳನ್ನು ತನ್ನ ಅಂಗಿಗೆ ಉಜ್ಜಿದ. ಅಂಗಿಯ ತುಂಬ ಹಿಟ್ಟೇ ಇತ್ತು.

ಲ್ಯಾಬಿಗೆ ಮರಳಿದಾಗ ಕೊಳವೆಗಳು ಆರಿದ್ದವು. ಪಕ್ಕದ ಮೇಜಿನವಳು ಊಟಕ್ಕೆ ಹೋಗಿದ್ದಳು. ಅಕ್ಕ ಬ್ಲ್ಯಾಂಕನ್ನು ಎತ್ತಿಕೊಂಡಳು. ಸೆರಗಿನ ಅಂಚಿನಲ್ಲಿ ಗಿರಣಿಯ ಹಿಟ್ಟು ಇನ್ನೂ ಅಂಟಿಕೊಂಡಿತ್ತು. ಒಂದು ಸಲ ಕೊಡವಿದ್ದರೆ ಸಾಕಿತ್ತು, ಇಡೀ ಸರದಿ ಚೆಲ್ಲಿ ತಮ್ಮನಿಂದ ಹೊಸ ಹಿಟ್ಟು ತರಿಸಬಹುದಿತ್ತು. ಇಷ್ಟು ವರ್ಷ ಅದಕ್ಕೆ ಧೂಳು ಬೀಳದಂತೆ ಕಾದವಳು, ಈಗ ಮುಚ್ಚಳ ತೆಗೆದು ನಿಂತೇ ಇದ್ದಳು. ಯಾರೋ ಬಾಗಿಲ ಹೊರಗೆ ಜೋರಾಗಿ ನಕ್ಕು ಹಾದುಹೋದರು.

ಮುಚ್ಚಳ ಹಾಕಿದಳು. ಸೆರಗನ್ನು ಸೊಂಟಕ್ಕೆ ಬಿಗಿದು, ಕೋಟು ತೊಟ್ಟು, ಕೈ ತೊಳೆದು, ಎಲ್ಲ ಕೊಳವೆಗಳನ್ನೂ ಒಂದೊಂದಾಗಿ ಯಂತ್ರಕ್ಕೆ ಕೊಟ್ಟಳು. ಹಿಟ್ಟಪ್ಪನ ಗೆರೆ ಮತ್ತೆ ಎದ್ದಿತು. ಬ್ಲ್ಯಾಂಕ್ ಶುದ್ಧವಾಗಿತ್ತು. ಅವಳು ವರದಿಗೆ ಸಹಿ ಹಾಕಿದಳು.

ಮರುದಿನ ಮನೆಮನೆಯವರೂ ಡಬ್ಬಗಳನ್ನು ತಂದು ಬೀದಿಯ ಮಧ್ಯದ ದೊಡ್ಡ ಪೀಪಾಯಿಗೆ ಸುರಿದರು. ಯಾರೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಅಧಿಕಾರಿಗಳು ಬೀಗ ತರುವುದನ್ನು ಮರೆತು ಬಂದಿದ್ದರು. ತಮ್ಮ ಒಳಗೆ ಹೋಗಿ ತನ್ನದನ್ನೇ ತಂದುಕೊಟ್ಟ.

ಗಿರಣಿಗೆ ಬೀಗ ಬಿತ್ತು. ಅಪ್ಪನಿಗೆ ಕೊಟ್ಟ ಮಾತನ್ನು ಅಕ್ಕ ಉಳಿಸಿಕೊಳ್ಳಲಿಲ್ಲ.