ಬಾಗಿಲು ದಾಟದ ಆಕಾಶಬುಟ್ಟಿ

"ಎಡಕ್ಕ ವಾಲಸ್ರಿ, ಇನ್ನ ಸ್ವಲ್ಪ... ಸಿಕ್ಕಂತ ನೋಡ್ರಿ!"

ಬಿದಿರುಕಡ್ಡಿಯ ದೊಡ್ಡ ಆಕಾಶಬುಟ್ಟಿ ತಲೆಬಾಗಿಲಿನ ಚೌಕಟ್ಟಿಗೆ ಸಿಕ್ಕಿ ಕಿರ್ರೆಂದಿತು. ವಿದ್ಯಾವತಿ ಗಾಬರಿಯಿಂದ ಅದನ್ನು ಒಳಕ್ಕೆಳೆದುಕೊಂಡಳು. ಅವಳ ಹಿಂದೆ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಅವಳಪ್ಪ ಮಡಿವಾಳಪ್ಪ, ಹಣೆತುಂಬ ವಿಭೂತಿ, ತಲೆಗೆ ಹೊಸ ರುಮಾಲು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕೂತಿದ್ದ. ರಾತ್ರಿ ರೊಟ್ಟಿ ಉಂಡು ಮಲಗಿದವನು ಬೆಳಿಗ್ಗೆ ಎದ್ದಿರಲಿಲ್ಲ. ಗಿರಣಿ ಇಟ್ಟುಕೊಂಡು ಮೋರಟಗಿಯ ಮಂದಿಗೆಲ್ಲ ಜೋಳ ಬೀಸಿಕೊಟ್ಟವನು, ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟಿದ್ದ.

ಹೊರಗೆ ಅವನನ್ನು ಕೂರಿಸಿ ಮಣ್ಣಿಗೆ ಒಯ್ಯುವ ಬಿದಿರಿನ ಚಟ್ಟ, ವಿಮಾನ, ಸಿದ್ಧವಾಗಿತ್ತು. ಅದರ ತುದಿಗೆ ಈ ಬುಟ್ಟಿಯನ್ನೇ ಕಟ್ಟಬೇಕೆಂಬುದು ವಿದ್ಯಾಳ ಹಟ.

"ಮುರದು ಹೊರಗ ತಗೊಂಡ ಬಾ ಯವ್ವಾ, ಅಲ್ಲೆ ಮತ್ತ ಕಟ್ಟೂಣು," ಎಂದ ದೊಡ್ಡಪ್ಪ ಚಂದಪ್ಪ. "ಹೊತ್ತು ಮುಳುಗೂದ್ರಾಗ ಮಣ್ಣು ಕೊಡಬೇಕು."

"ಒಂದ ಕಡ್ಡಿನೂ ಮುರಿಯಂಗಿಲ್ಲ ದೊಡ್ಡಪ್ಪಾ. ಇದನ್ನ ಹೊರಗ ಒಯ್ತೇನಿ ಅಂತ ಅಪ್ಪ ಮಾತು ಕೊಟ್ಟಾನ."

*

ವಿದ್ಯಾಗೆ ಆಗ ಹನ್ನೊಂದು ವರ್ಷ. ಸಿಂದಗಿಯ ಅಂಗಡಿಯಲ್ಲಿ ದೀಪಾವಳಿಯ ಆಕಾಶಬುಟ್ಟಿ ಕಂಡು ಆಸೆಪಟ್ಟಿದ್ದಳು. "ಕೊಳ್ಳೂದ್ಯಾಕ? ನಾವ ಮಾಡೂಣು," ಎಂದಿದ್ದ ಅಪ್ಪ. ಮುರಿದ ಬುಟ್ಟಿಗಳ ಬಿದಿರು, ಮದುವೆ ಕಾರ್ಡಿನ ಬಂಗಾರದ ಹಾಳೆ, ಗಾಳಿಪಟದ ಕಾಗದ. ಅಂಟಿಗೆ ಗಿರಣಿಯ ನೆಲ ಗುಡಿಸಿದ ಹಿಟ್ಟನ್ನೇ ಕುದಿಸಿದ್ದಾಯಿತು. ಅಪ್ಪ ಕಡ್ಡಿ ಬಗ್ಗಿಸಿ ಹಿಡಿದರೆ ಮಗಳು ದಾರ ಬಿಗಿಯುತ್ತಿದ್ದಳು.

"ಇನ್ನ ದೊಡ್ಡದು ಮಾಡೂಣಪ್ಪಾ."

"ಆಗ್ಲಿ."

"ಇನ್ನಷ್ಟು?"

"ಆಗ್ಲೇಳವಾ!"

ಮಗಳಿಗೆ ಇಲ್ಲ ಎನ್ನುವ ನಾಲಿಗೆಯೇ ಅವನಿಗಿರಲಿಲ್ಲ. ಇಬ್ಬರ ಖುಷಿಯಲ್ಲಿ ಬಾಗಿಲಿನ ಅಳತೆ ಯಾರಿಗೂ ನೆನಪಾಗಲಿಲ್ಲ.

ಹಬ್ಬದ ಸಂಜೆ ಬುಟ್ಟಿ ಹೊಸ್ತಿಲು ದಾಟಲಿಲ್ಲ. ಮಗಳ ಕಣ್ಣು ತುಂಬಿತು. ಅವ್ವ ರುಕ್ಮವ್ವ ಕುಡುಗೋಲು ತಂದಳು. ಅಪ್ಪ ಅಡ್ಡ ನಿಂತ.

"ಮುರೀಬ್ಯಾಡ. ಸದ್ಯ ಒಳಗ ತೂಗಹಾಕೂಣು. ಒಂದಿನ ನಾನ ಹೊರಗ ಒಯ್ತೇನಿ, ತಡಿ."

ಅಂದಿನಿಂದ ಊರಿಗೊಂದು ಗಾದೆ ಸಿಕ್ಕಿತು. ಯಾರಾದರೂ ಅವಸರಪಟ್ಟರೆ "ಮಡಿವಾಳಪ್ಪನ ಬುಟ್ಟಿ ಆದೀತು, ಮೊದಲ ಬಾಗ್ಲಾ ನೋಡು" ಎನ್ನುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದ. ವಿದ್ಯಾ ಇಂಡಿ ಪಟ್ಟಣದಲ್ಲಿ ಟೀಚರಾದ ಮೇಲೂ ದೀಪಾವಳಿಗೆ ಬಂದಾಗಲೆಲ್ಲ ಅಪ್ಪ ಮಗಳು ಎದುರುಬದುರು ಕೂತು ಬುಟ್ಟಿಗೆ ಹೊಸ ಕಾಗದ ಅಂಟಿಸುತ್ತಿದ್ದರು.

*

"ಬಾಗ್ಲಾ ಬಿಡ್ರಿ. ಏಣಿ ತರ್ರಿ," ಎನ್ನುತ್ತ ಬಂದಗಿಸಾಬ ಮುಂದೆ ಬಂದ. ಮಡಿವಾಳಪ್ಪನ ಹಳೆಯ ಗೆಳೆಯ. ಪಡಸಾಲೆಯ ಮಣ್ಣಿನ ಮಾಳಿಗೆ ಬಿದ್ದಾಗ ತಗಡು ಹೊದಿಸಿದವನು ಇವನೇ.

"ಏಣಿ ಯಾಕ ಕಾಕಾ?" ಎಂದಳು ವಿದ್ಯಾ.

"ಆ ಮೂಲ್ಯಾಗಿನ ಎರಡು ತಗಡಿಗೆ ನಾ ಮೊಳಿ ಹೊಡದಿಲ್ಲವಾ. ಬರೇ ಕಲ್ಲು ಇಟ್ಟೇನಿ. 'ಮಗಳ ಮದಿವಿ ದಿನ ಬುಟ್ಟಿ ಇಲ್ಲಿಂದ ಹೊರಗ ತಗೀಬೇಕು, ಯಾರ ಮುಂದೂ ಬಾಯಿ ಬಿಡಬ್ಯಾಡ' ಅಂದಿದ್ದ ನಿಮ್ಮಪ್ಪ. ಆ ದಿನ ಬರೂದ್ರಾಗ ತಾನ ಹೋಗಿಬಿಟ್ಟ."

ರುಕ್ಮವ್ವ ಮೂಗಿನ ಮೇಲೆ ಬೆರಳಿಟ್ಟಳು.

"ಅಯ್ಯ, ನೋಡ್ರಿ ಇವರ ಕಳ್ಳಾಟ! ಅದಕ್ಕ ಏನು ಆ ಮೂಲಿ ಸೋರತಿದ್ದದ್ದು? ಮಳಿ ಬಂದಾಗೊಮ್ಮೆ ಬೋಗುಣಿ ಇಟ್ಟು ಇಟ್ಟು ನನ್ನ ನಡಾ ಹೋತು! ಕೇಳಿದ್ರ, 'ತಗಡು ಅಂದ ಮ್ಯಾಲ ಸೋರತಾವ' ಅಂತಿದ್ರು!"

ಯಾರೋ ಕಿಸಕ್ಕೆಂದರು. ಆಮೇಲೆ ನಗೆ ಯಾರ ಹಿಡಿತದಲ್ಲೂ ಉಳಿಯಲಿಲ್ಲ. ಭಜನೆಯವರ ತಾಳವೂ ತಪ್ಪಿತು. ಅಪ್ಪ ಮಾತು ಮರೆತಿರಲಿಲ್ಲ ಎಂಬ ಸಂತೋಷಕ್ಕೆ ವಿದ್ಯಾಗೆ ಅಳು ಬಂತು. ಅಳುತ್ತಲೇ ನಕ್ಕಳು.

ತಗಡು ಸರಿದು ಬಿಸಿಲು ಒಳಗಿಳಿಯಿತು. ವಿದ್ಯಾ ಸ್ಟೂಲಿನ ಮೇಲೆ ನಿಂತು ಬುಟ್ಟಿಯನ್ನು ಎತ್ತಿಕೊಟ್ಟಳು. ಮೇಲಿದ್ದ ಬಂದಗಿಸಾಬ ಎರಡೂ ಕೈಯಲ್ಲಿ ತೆಗೆದುಕೊಂಡ. ಕೆಂಪು, ಹಸಿರು ಬೆಳಕು ಮಡಿವಾಳಪ್ಪನ ವಿಭೂತಿಯ ಮೇಲೆ ಒಮ್ಮೆ ಹಾದುಹೋಯಿತು.

ವಿಮಾನ ಓಣಿ ಹಿಡಿಯಿತು. ತುದಿಯಲ್ಲಿ ಆಕಾಶಬುಟ್ಟಿ ಗತ್ತಿನಿಂದ ತೂಗುತ್ತಿತ್ತು. ಗಿರಣಿಯ ಮುಂದೆ ಟಿ.ವಿ. ಕೇಬಲ್ಲಿನ ವೈರು ಅಡ್ಡ ಜೋತುಬಿದ್ದಿತ್ತು.

"ನಿಲ್ರಿ, ನಿಲ್ರಿ!" ಎಂದು ಚಂದಪ್ಪ ಓಡಿ ಮುಂದಾದ. ಯಾರದೋ ಅಂಗಳದ ಉದ್ದ ಕೋಲು ಕಿತ್ತು ತಂದು, ತುದಿಗಾಲಲ್ಲಿ ನಿಂತು ವೈರನ್ನು ಮೇಲಕ್ಕೆತ್ತಿ ಹಿಡಿದ. ರುಮಾಲು ಬಿಚ್ಚಿ ಹೆಗಲಿಗೆ ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ.

"ಹಾಂ, ಈಗ ಬರ್ರಿ. ಹಗೂರಕ, ಹಗೂರಕ... ಒಂದ ಕಡ್ಡಿನೂ ಮುರೀಬಾರ್ದು!"