ಗೆದ್ದ ಮೇಲೆ ಕೂರುವವರು

ಕೆಲಸ ಮುಗಿಯಿತೆಂದು ಎಲ್ಲರೂ ಕೈಗವಸು ಕಳಚುವ ಹೊತ್ತಿಗೆ ಸ್ಟೂಲು ಎಳೆದುಕೊಂಡು ಕೂರುವವರು ಡಾಕ್ಟರ್ ಸೋಲಾಂಜ್ ಎಚೆವೆರಿ. ಫ್ರಾನ್ಸಿನ ಬೋರ್ಡೋ ನಗರದ ಒಂದು ಆಸ್ಪತ್ರೆಯಲ್ಲಿ, ತಾಳ ತಪ್ಪಿದ ಹೃದಯದೊಳಕ್ಕೆ ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ಎಂಬ ಸಪೂರ ನಳಿಕೆ ಏರಿಸಿ, ಹುಚ್ಚು ಮಿಡಿತ ಹೊರಟುಬರುವ ನಾಳದ ಬಾಯಿಯ ಸುತ್ತ ಸುಟ್ಟು ಬೇಲಿ ಹಾಕುವುದು ಅವರ ಕಸುಬು. ಮೋಟು ಆಳು; ಸಮತಟ್ಟು ನೆಲದಲ್ಲೂ ಮೆಟ್ಟಿಲು ಹತ್ತುವವರಂತೆ ನಡಿಗೆ; ಎಕ್ಸ್-ರೇ ತಡೆಯಲು ತೊಡುವ, ಭುಜದ ಹೊಲಿಗೆ ಬಿಟ್ಟ ಸೀಸದ ಅಂಗಿಗೆ ಮೀನುಗಾಳದ ದಾರದ ತೇಪೆ.

ಮಿಡಿತದ ಗೆರೆಗಳನ್ನು ಪರದೆಯಲ್ಲಿ ಕಾಯುವ ರೆಜಿಸ್‌ಗೆ ಅವರ ಮೇಲೆ ಭಕ್ತಿಯೂ ಉಂಟು, ಹಸಿವಿನ ಸಿಟ್ಟೂ ಉಂಟು.

"ಮದಾಮ್, ಆ ನಾಳದ ಗೆರೆ ಸತ್ತು ಇಪ್ಪತ್ತು ನಿಮಿಷ ಆಯ್ತು. ಹೂವಿಟ್ಟು ಬರೋಣ್ವಾ?"

"ಸತ್ತಿಲ್ಲ ಕಣೋ, ಉಸಿರು ಬಿಗಿಹಿಡ್ಕೊಂಡಿದೆ ಅಷ್ಟೆ."

ನಾಳದ ಗೆರೆ ಮಟ್ಟಸವಾದರೆ ಬೇಲಿ ಕೂಡಿತೆಂದು ಲೆಕ್ಕ; ಆದರೆ ಸುಟ್ಟ ಜಾಗ ಊದಿಕೊಂಡು ಸತ್ತಂತೆ ನಟಿಸುತ್ತದೆ, ಊತ ಇಳಿದರೆ ಬೇಲಿಯಲ್ಲಿ ಎಲ್ಲೋ ಕಿಂಡಿ ತೆರೆದುಕೊಳ್ಳುತ್ತದೆ ಎಂಬುದನ್ನು ಅವರು ಸ್ವಂತ ತಪ್ಪಿನಿಂದ ಕಲಿತಿದ್ದರು. ಆ ದಿನ ಮೇಜಿನ ಮೇಲಿದ್ದವನು ಕಡಲಲ್ಲಿ ಸಿಂಪಿ ಬೆಳೆಸುವ ದ್ಯುಬೆರ್ನೆ. ಎರಡು ವರ್ಷದ ಹಿಂದೆ ಡಾಕ್ಟರೇ ಸುಟ್ಟು, ಕಾಯದೆ ಅವಸರದಲ್ಲಿ ಎದ್ದುಬಿಟ್ಟಿದ್ದ ಹೃದಯ ಅದು, ಮತ್ತೆ ಕೆಟ್ಟಿತ್ತು. ಅರಿವಳಿಕೆಯ ಮಂಪರು ಹತ್ತುವ ಮುಂಚೆ ಆತ ಹೇಳಿದ್ದ: "ಮೂರನೇ ಸಲ ಬರಲ್ಲ ಡಾಕ್ಟ್ರೇ. ದೋಣಿ ಮಾರ್ಬಿಡ್ತೀನಿ."

"ಮಾರ್ಬೇಡಿ. ಮೂರನೇ ಸಲ ಕರೆಯೋಕೆ ನಂಗೂ ಮುಖ ಇಲ್ಲ."

ಇಪ್ಪತ್ತಾರನೇ ನಿಮಿಷ. ಅರಿವಳಿಕೆಯ ಡಾಕ್ಟರು ಆಕಳಿಸಿದರು. ಆಗಲೇ ಮಟ್ಟಸ ಗೆರೆಯ ಮೇಲೆ ಮುಳ್ಳಿನ ಮೊನೆಯಷ್ಟು ಏನೋ ಎದ್ದಿತು. ಕಂಡದ್ದು ರೆಜಿಸ್‌ಗೆ ಮಾತ್ರ. ಕ್ಯಾಂಟೀನು ಮುಚ್ಚಲು ಹತ್ತೇ ನಿಮಿಷ.

"ಮದಾಮ್... ಬಂತು."

"ಬಂದ್ಯಾ ಕಳ್ಳ!" ಎಂದು ಗದರಿ, ಆ ಕಿಂಡಿಯನ್ನು ಹುಡುಕಿ ಸುಟ್ಟರು. ಗೆರೆ ಮತ್ತೆ ಮಲಗಿತು. ರೆಜಿಸ್ ಎದ್ದು ನಿಂತ.

"ಎಲ್ಲಿಗೆ? ಗಡಿಯಾರ ಮೊದಲಿಂದ ಶುರು."

"ಅಯ್ಯೋ, ಊಟ?"

"ಅದೇನು ಓಡಿಹೋಗಲ್ಲ. ಕೂರು."

ಓಡಿಯೇ ಹೋಯಿತು, ಬಿಸ್ಕತ್ತೇ ಗತಿಯಾಯಿತು. ಮುಂದಿನ ವಸಂತದ ತಪಾಸಣೆಯಲ್ಲಿ ದ್ಯುಬೆರ್ನೆಯ ತಾಳ ತಪ್ಪಿರಲಿಲ್ಲ, ದೋಣಿಯೂ ಮಾರಾಟವಾಗಿರಲಿಲ್ಲ. ಈಗ ಆ ವಿಭಾಗದಲ್ಲಿ ಗೊಣಗುತ್ತಲೇ ಎಲ್ಲರೂ ಅರ್ಧ ಗಂಟೆ ಕಾಯುತ್ತಾರೆ.

ಪ್ರತಿ ಕಸುಬಿನಲ್ಲೂ ಇಂಥವರು ಒಬ್ಬಿಬ್ಬರಿರುತ್ತಾರೆ. ಒಡನಾಡುವವರಿಗೆ ತಲೆನೋವು, ಹೊಗಳಿದರೆ ಮುಖ ಸಿಂಡರಿಸುತ್ತಾರೆ, ತಮ್ಮ ಕೈಕೆಲಸವನ್ನೇ ಶತ್ರುವಿನದೆಂಬಂತೆ ತಡವಿ ತಡವಿ ಅನುಮಾನಿಸುತ್ತಾರೆ. ವಿದ್ಯೆಯೆಂಬುದು ಗೇಣು ಗೇಣಾಗಿ ಮುಂದೆ ಸರಿಯುವುದು ಈ ಅನುಮಾನದ ಪಿಶಾಚಿಗಳಿಂದಲೇ.