ಮೂರನೆಯ ಬಟ್ಟಲು

ಟಕ್, ಟಕ್, ಟಕ್ ಎಂದು ಇಕ್ಕಳವು ಕಾವಲಿಯ ಅಂಚಿಗೆ ಮೂರು ಸಲ ಬಡಿಯುವ ಸದ್ದು ಕೇಳಿಸಿತೆಂದರೆ ನಮ್ಮ ಬೀದಿಯಲ್ಲಿ ಸಂಜೆ ಐದಾಯಿತೆಂದು ಅರ್ಥ. ಮೂಲೆಯ ಹಾಟ್ ಡಾಗ್ ಗಾಡಿಯವನು ಗಿರಾಕಿಗಳನ್ನು ಕರೆಯುವ ರೀತಿ ಅದು. ಉಳಿದ ಮನೆಗಳಲ್ಲಿ ಆ ಸದ್ದಿಗೆ ಚಪ್ಪಲಿ ಹುಡುಕುತ್ತಾರೆ; ನನ್ನ ಸೋದರಮಾವ ಮಾತ್ರ ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಸರಿಸಿ, ಗಾಡಿಯ ಮೇಲಿನ ಸಾಸಿವೆ ಸಾಸಿನ ಹಳದಿ ಬಾಟಲಿಯನ್ನು ದಿಟ್ಟಿಸುತ್ತ, "ಸಾಸಿವೆಗೆ ಇವತ್ತೂ ನೀರು ಬೆರೆಸಿದಾನೆ. ಇರ್ಲಿ, ನೋಡೋಣ" ಎನ್ನುತ್ತಾರೆ.

ಊರಿಗೆ ಅವರು ನಾಲಿಗೆ ಮಾವ. ಸ್ಟೇಷನ್ನಿನ ಹಿಂದಿರುವ ಆಲೂಗಡ್ಡೆ ಚಿಪ್ಸ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ರುಚಿ ನೋಡುವುದೇ ಅವರ ಕೆಲಸ. ಕಾಲೇಜಿಗೆ ಹತ್ತಿರವೆಂದು ನಾನು ಅವರ ಮನೆಯಲ್ಲಿದ್ದೇನೆ. ಬೇಸಿಗೆಯಲ್ಲೂ ಕಳಚದ ಅವರ ಕಂದು ಕೋಟಿಗೆ ನಾಲ್ಕು ಜೇಬುಗಳಿವೆ. ಎಡಗಡೆಯ ಕೆಳಜೇಬು ಅನುಮಾನಾಸ್ಪದ ವಸ್ತುಗಳಿಗೆಂದೇ ಮೀಸಲು. ಅಂಗಡಿಯೆದುರು ಅವರ ನಡಿಗೆ ನಿಧಾನವಾಗುತ್ತದೆ, ಒಂದು ಭುಜ ಮುಂದಾಗುತ್ತದೆ, ಹಾಲಿನ ಪಾತ್ರೆಯ ಬಳಿಗೆ ಬರುವ ಬೆಕ್ಕಿನಂತೆ ಅವರು ಅಡ್ಡಡ್ಡವಾಗಿ ಹತ್ತಿರವಾಗುತ್ತಾರೆ. ಯಾರು ಕೊಟ್ಟ ಬನ್ನನ್ನೇ ಆಗಲಿ, ಪುಸ್ತಕದಂತೆ ಬಿಡಿಸಿ ಒಳಗೆ ನೋಡದೆ ಬಾಯಿಗಿಟ್ಟವರಲ್ಲ.

ಮನುಷ್ಯರನ್ನೂ ಅವರು ಹಾಗೆಯೇ ಬಿಡಿಸಿ ನೋಡುತ್ತಾರೆ. ನದಿಯ ಈ ದಡದವರು ಸಾಸಿವೆಯ ಜನ, ಸೇತುವೆಯಾಚೆಯವರು ಟೊಮೆಟೊ ಸಾಸಿನ ಸಿಹಿಯ ಜನ, ಗುಡ್ಡದ ಮೇಲಿನವರಿಗೆ ಮೆಣಸು ಮೂಗಿಗೆ ಹತ್ತದಿದ್ದರೆ ತಿಂದ ಹಾಗೇ ಅಲ್ಲ. ಕಾರ್ಖಾನೆಯೂ ಒಂದೇ ಚಿಪ್ಸಿಗೆ ಮೂರು ಬಗೆಯ ಪುಡಿ ಉದುರಿಸಿ ಮೂರು ಕಡೆಗೆ ಕಳಿಸುತ್ತದೆ. "ಸಾಸಿವೆ, ಟೊಮೆಟೊ ಎರಡನ್ನೂ ಹಾಕಿಸ್ಕೊಳ್ಳೋರನ್ನ ಮಾತ್ರ ನಂಬ್ಬೇಡ ಪುಟ್ಟಿ, ಅವರು ಏನೋ ಮುಚ್ಚಿಡ್ತಿರ್ತಾರೆ" ಎಂದು ನನಗೆ ಮೊದಲ ವಾರವೇ ಎಚ್ಚರಿಕೆ ಕೊಟ್ಟಿದ್ದರು. ಅತ್ತೆ ಸೇತುವೆಯಾಚೆಯವರು. ಅವರು ಸೋಪಿನ ಡಬ್ಬದ ಹಿಂದೆ ಟೊಮೆಟೊ ಸಾಸಿನ ಬಾಟಲಿ ಬಚ್ಚಿಟ್ಟಿರುವುದು ತಮಗೆ ಗೊತ್ತೆಂದು ಮಾವ ಒಮ್ಮೆ ಪಿಸುಗುಟ್ಟಿದರು. ನಾನು ತಡೆಯಲಾರದೆ ಅತ್ತೆಗೆ ಹೇಳಿಬಿಟ್ಟೆ. ಅತ್ತೆ ಪಾತ್ರೆ ಉಜ್ಜುತ್ತಲೇ, "ಖಾಲಿಯಾದಾಗ ಹೊಸದು ತಂದಿಡೋದು ಯಾರು ಅಂದ್ಕೊಂಡೆ?" ಎಂದರು.

ಇಂಥ ಮಾವನ ಮೇಲೆ ನನಗೇ ಅನುಮಾನ ಹುಟ್ಟಿದ್ದು ಒಂದು ಬನ್ನಿನಿಂದ. ಆ ಸಂಜೆ ಗಾಡಿಯವನ ಬಳಿ ಸಾಸಿವೆ ಮುಗಿದಿತ್ತು. ಹಳದಿ ಬಾಟಲಿಗೆ ಅವನು ಅನಾನಸಿನ ಸಾಸ್ ತುಂಬಿದ್ದ, ಬಣ್ಣವೂ ಹೆಚ್ಚುಕಡಿಮೆ ಅದೇ. "ನಿಮ್ಮ ಮಾವನೋರಿಗೆ ಮೊದ್ಲೇ ಹೇಳ್ಬಿಡಿ, ಇಲ್ಲಾಂದ್ರೆ ನನ್ನ ಗಾಡಿ ಎತ್ತಿಸ್ತಾರೆ" ಎಂದು ಕೈಮುಗಿದ. ಹೇಳಬೇಕೆಂದೇ ಬಂದೆ. ಅಷ್ಟರಲ್ಲಿ ಮಾವ ಪೊಟ್ಟಣ ಕಿತ್ತುಕೊಂಡು, ಬನ್ನು ಬಿಡಿಸಿ ನೋಡಿ, ಕಚ್ಚಿ, ಕಣ್ಣುಮುಚ್ಚಿ ಜಗಿದು, ತೀರ್ಪು ಕೊಟ್ಟರು: "ಸಾಸಿವೆಗೆ ಮತ್ತೆ ನೀರು. ಖಾರ ಸತ್ತೇಹೋಗಿದೆ."

ನನ್ನ ಪಾಲಿನದನ್ನು ಕಚ್ಚಿದೆ. ಹಣ್ಣಿನ ಜಾಮಿನಷ್ಟು ಸಿಹಿ. ಮಾವನ ಮುಖ ನೋಡಿದೆ.

ಅನುಮಾನ ಅಂಟುರೋಗ. ಅಂದಿನಿಂದ ನಾನೂ ಪರದೆಯನ್ನು ಎರಡು ಬೆರಳಷ್ಟು ಸರಿಸಿ ನೋಡುವವಳಾದೆ. ಮೂರು ತಿಂಗಳ ಹಿಂದೆ ಅವರು ಜ್ವರದಿಂದ ಹದಿನೈದು ದಿನ ಮಲಗಿದ್ದರು. ಅದಾದ ಮೇಲೆ ಅತ್ತೆ ಚಹಾಕ್ಕೆ ಸಕ್ಕರೆ ಮರೆತ ದಿನವೂ ಬೈಗುಳವಿಲ್ಲದೆ ಲೋಟ ಖಾಲಿಯಾಗಿತ್ತು. ಏನು ತಿಂದರೂ, "ನಿಂಗೇನನ್ನಿಸ್ತು, ಮೊದ್ಲು ನೀನು ಹೇಳು" ಎಂದು ಪರೀಕ್ಷಕರ ಗತ್ತಿನಲ್ಲಿ ಕೇಳುತ್ತಿದ್ದರು. ನಾನು ಹುಳಿ ಎಂದರೆ ಅವರಿಗೆ ಹುಳಿ ಜಾಸ್ತಿಯಾಗಿರುತ್ತಿತ್ತು. ಇನ್ನು ಚಿಪ್ಸನ್ನು ಬಾಯಿಗಿಡುವ ಮುನ್ನ ಕಿವಿಯ ಹತ್ತಿರ ಹಿಡಿದು ಮುರಿಯುವ ಹೊಸ ಅಭ್ಯಾಸ. ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿ ನಾನೂ ಮುರಿದು ನೋಡಿದೆ. ಟೊಮೆಟೊ ಪುಡಿಯ ಸಿಹಿ ತೇವವನ್ನು ಎಳೆದುಕೊಳ್ಳುತ್ತದೆ, ಆ ಚಿಪ್ಸ್ ಮಂಕಾಗಿ ಮುರಿಯುತ್ತದೆ. ಸಾಸಿವೆಯದು ಒಣಗಿದ ಕಡ್ಡಿಯಂತೆ ಚಟ್ಟೆನ್ನುತ್ತದೆ. ನಾಲಿಗೆಯ ಕೆಲಸವನ್ನು ಮಾವ ಕಿವಿಗೆ ವಹಿಸಿದ್ದರು.

ಹೀಗೇ ನಡೆಯುತ್ತಿತ್ತೇನೋ. ಆದರೆ ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದು, ರುಚಿ ನೋಡುವ ಆರು ಜನರಿಗೂ ಬಟ್ಟಲಿನ ಪರೀಕ್ಷೆ ಎಂದುಬಿಟ್ಟರು. ಮೂರು ಬಟ್ಟಲು ಚಿಪ್ಸ್, ಎರಡರಲ್ಲಿ ಒಂದೇ ಪುಡಿ, ಒಂದರಲ್ಲಿ ಬೇರೆ, ಬೇರೆಯದನ್ನು ಹುಡುಕಬೇಕು. ಸೋತವರು ಪ್ಯಾಕಿಂಗ್ ವಿಭಾಗಕ್ಕೆ. ಹಳೆಯ ಸಾಸಿವೆ ಪುಡಿಗೂ ಹೊಸ ಸಾಸಿವೆ ಪುಡಿಗೂ ಹೋಲಿಕೆಯೆಂದು ಸುದ್ದಿಯಿತ್ತು. ಎರಡೂ ಒಣಪುಡಿ, ಎರಡೂ ಚಟ್ಟೆನ್ನುತ್ತವೆ. ಇಪ್ಪತ್ತೆರಡು ವರ್ಷ ಊರಿಗೇ ರುಚಿ ಹೇಳಿದ ಮನುಷ್ಯ ನಾಳೆಯಿಂದ ಪೊಟ್ಟಣದ ಬಾಯಿ ಅಂಟಿಸುತ್ತ ಕೂರಬೇಕಾದೀತೆಂದು ನೆನೆದು ನಾನು ಓದುತ್ತಿದ್ದ ಪುಸ್ತಕ ಮುಚ್ಚಿಟ್ಟೆ. ಪರೀಕ್ಷೆಯ ಹಿಂದಿನ ದಿನ ಊಟದ ಮೇಜಿನಲ್ಲಿ ಅವರು ಒಂದರ ಮೇಲೊಂದು ಚಿಪ್ಸನ್ನು ಕಿವಿಯ ಬಳಿ ಮುರಿಯುತ್ತಿದ್ದರು, ತಿನ್ನುತ್ತಿರಲಿಲ್ಲ. ನಾನು ನೋಡುತ್ತಿರುವುದನ್ನು ನೋಡಿದರು.

"ಮಾವ, ನಾಳೆ ಜ್ವರ ಅಂತ ಹೇಳಿಬಿಡಿ" ಎಂದೆ, ತಟ್ಟೆಯಿಂದ ತಲೆಯೆತ್ತದೆ.

"ಜ್ವರ ಬಂದು ಹೋಯ್ತಲ್ಲ" ಎಂದರು. ಇನ್ನೊಂದು ಚಿಪ್ಸನ್ನು ಕಿವಿಯ ಬಳಿ ಹಿಡಿದು ಮುರಿದರು.

ಮರುದಿನ ಐದಕ್ಕೆ ಮುಂಚೆಯೇ ಬಂದರು. ಕೋಟು ತೋಳಿನ ಮೇಲಿತ್ತು. ಅದನ್ನು ಕಂಡೇ ಅತ್ತೆ ಒಲೆ ಆರಿಸಿದರು. ಕುಳಿತು, ನೀರು ಕುಡಿದು, ಲೋಟದ ತಳವನ್ನೊಮ್ಮೆ ಪರೀಕ್ಷಿಸಿ, ಆಮೇಲೆ ನಡೆದದ್ದನ್ನು ಹೇಳಿದರು. ಯಾವ ಬಟ್ಟಲು ಎಲ್ಲಿಗೆಂದು ಬರೆದ ಹಾಳೆ ಹಿಡಿದು ಮ್ಯಾನೇಜರೇ ಬಟ್ಟಲುಗಳನ್ನು ಜೋಡಿಸಿದರಂತೆ. ಮುಂಚಿನ ಐವರಲ್ಲಿ ಮೂವರು ಮೊದಲನೆಯದೇ ಬೇರೆ ಎಂದರಂತೆ, ಇಬ್ಬರು ಮೂರನೆಯದು. ಒಬ್ಬರಂತೂ ಹೊಸ ಪುಡಿಯ ಕಹಿಯನ್ನು ಬಹಳ ಹೊತ್ತು ವರ್ಣಿಸಿದರಂತೆ. ಕೊನೆಗೆ ಮಾವ ಮೂರರಿಂದಲೂ ಒಂದೊಂದು ತಿಂದು, ಕೈಯೊರೆಸಿಕೊಂಡು, "ಮೂರೂ ಒಂದೇ ಸಾರ್" ಎಂದರು. ಮ್ಯಾನೇಜರ್ ಹಾಳೆ ತಿರುಗಿಸಿ ತೋರಿಸಿದರೆ ಅದರಲ್ಲಿ ಏನೂ ಬರೆದಿರಲಿಲ್ಲ. ಯಾರು ಊಹಿಸುತ್ತಾರೆಂದು ಹಿಡಿಯಲು ಮೂರಕ್ಕೂ ಹಳೆಯ ಪುಡಿಯನ್ನೇ ಹಾಕಿಸಿದ್ದರು. ಉಳಿದ ಐವರಿಗೆ ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಬಟ್ಟಲು ಜೋಡಿಸುವ ಕೆಲಸ ಇನ್ನು ಮಾವನದು. ಜೋಡಿಸುವವರು ರುಚಿ ನೋಡುವ ಹಾಗೇ ಇಲ್ಲ.

ಅತ್ತೆ ಮತ್ತೆ ಒಲೆ ಹಚ್ಚಿದರು. ಆ ಐವರ ನಾಲಿಗೆಗಳು ಚೆನ್ನಾಗಿಯೇ ಇದ್ದಿರಬೇಕು. ಅವುಗಳ ಮೇಲೆ ಅವರಿಗೆ ವಿಶ್ವಾಸವಿತ್ತು, ಅದಕ್ಕೇ ಇಲ್ಲದ ಕಹಿಯೂ ಸಿಕ್ಕಿತು. ಶಂಕಿಸುವವರ ಜೊತೆ ಬದುಕುವುದು ಸುಲಭವಲ್ಲ. ಅವರು ನಮ್ಮ ಲೋಟದ ತಳ ನೋಡುತ್ತಾರೆ, ಬಚ್ಚಿಟ್ಟ ಬಾಟಲಿಯ ಲೆಕ್ಕವಿಡುತ್ತಾರೆ. ಆದರೆ ಜಗತ್ತನ್ನು ಅಷ್ಟು ಹತ್ತಿರದಿಂದ ಗಮನಿಸುವವರೂ ಅವರೇ. ಒಂದು ಇಂದ್ರಿಯ ಕೈಕೊಟ್ಟಾಗ, ನಂಬುವವರು ಎಡವುವ ಕಡೆ, ಈ ಜಾತಿಯ ಮನುಷ್ಯರು ಗೋಡೆ ತಡವಿಕೊಂಡಾದರೂ ಬಾಗಿಲು ಹುಡುಕುತ್ತಾರೆ.

ಟಕ್, ಟಕ್, ಟಕ್ ಎಂದಿತು. ಮಾವ ಎದ್ದು ಕೋಟು ತೊಟ್ಟರು. ಗೇಟಿನವರೆಗೆ ಹೋಗಿ, ನಿಜವಾಗಿಯೂ ರುಚಿ ತಿಳಿಯಿತೇ ಎಂದು ಕೇಳಿಯೇಬಿಟ್ಟೆ.

"ನಾಲಿಗೆ ಮಾತು ಬಿಡು. ಮ್ಯಾನೇಜರ್ ಕೈಯಲ್ಲಿ ಹಾಳೆ ಇತ್ತು, ಆದ್ರೆ ಮೂರನೇ ಬಟ್ಟಲು ಇಡುವಾಗಲೂ ಅವರು ಅದನ್ನ ನೋಡ್ಲಿಲ್ಲ" ಎಂದರು. ಕಣ್ಣು ಆಗಲೇ ಹಳದಿ ಬಾಟಲಿಯ ಮೇಲಿತ್ತು, ಒಂದು ಭುಜ ಮುಂದಾಗಿತ್ತು. "ಅಷ್ಟೇ ಯಾಕೆ, ಆವತ್ತು ನೀನು ತಂದ ಬನ್ನಲ್ಲಿದ್ದದ್ದು ಸಾಸಿವೆ ಅಲ್ಲ ಅಂತ, ನೀನು ಕಚ್ಚಿ ನನ್ನ ಮುಖ ನೋಡಿದ್ಯಲ್ಲ, ಆಗ್ಲೇ ನಂಗೆ..." ಎನ್ನುತ್ತ ಅಡ್ಡಡ್ಡವಾಗಿ ಬೀದಿ ದಾಟಿ ಹೋದರು.